ಗೋಡೆ ಬದಿಯ ಗೋರಿ

ನನ್ನ ಅಕ್ಕ ಬುಲೋರಳ ಗಂಡ ಹನನ್ ಭಾವ ಯಾರನ್ನೂ ನಂಬಿದವರಲ್ಲ. ಹಾಲಿನವಳು ನೀರು ಬೆರೆಸುತ್ತಾಳೆ ಎನ್ನುವುದು ಎಲ್ಲರಿಗೂ ಇರುವ ಅನುಮಾನ. ಭಾವನಿಗೆ ಅವಳು ಒಂದು ದಿನ ಗಟ್ಟಿ ಹಾಲು ತಂದರೆ ಅನುಮಾನ. "ಇವಳಿಗೆ ಇವತ್ತು ನಮ್ಮಿಂದ ಏನೋ ಆಗ್ಬೇಕಿದೆ," ಅನ್ನೋರು. ಇಂಥವರ ಕೈಗೆ ಬುಖಾರಾದ ನಮ್ಮ ಯಹೂದಿ ಮಸಣದ ಉಸ್ತುವಾರಿ ಬಂತು. ಬಂದದ್ದು ತಪ್ಪೇನಲ್ಲ. ನಮ್ಮ ಜನ ಒಬ್ಬೊಬ್ಬರಾಗಿ ಗಂಟುಮೂಟೆ ಕಟ್ಟಿ ಇಸ್ರೇಲಿಗೆ ಹೊರಟಿದ್ದರು, ಕೇರಿಯಲ್ಲಿ ಉಸಿರಾಡುವವರಿಗಿಂತ ಮಣ್ಣಲ್ಲಿ ಮಲಗಿದವರೇ ಹೆಚ್ಚಾಗಿದ್ದರು. ಕಾಯುವವನು ಸಂಶಯದ ಪಿಶಾಚಿಯಾಗಿದ್ದರೇ ಒಳ್ಳೆಯದು ಎಂದುಕೊಂಡೆವು.

ಮಸಣದ ಹಳೆಯ ಭಾಗದಲ್ಲಿರುವುದು ಹೆಸರಿಲ್ಲದ ಇಟ್ಟಿಗೆ ದಿಬ್ಬಗಳು. ಯಾವುದು ನೀಲಿ ಬಣ್ಣಗಾರರ ಮನೆಯದು, ಯಾವುದು ರೇಷ್ಮೆಯವರದು ಎಂದು ಭಾವನ ನಾಲಗೆಯ ಮೇಲಿತ್ತು. "ಬರೆದಿಡಿ ಭಾವ, ನಾಳೆ ನಿಮ್ಮ ಜೊತೇಲೇ ಹೋಗಿಬಿಡುತ್ತೆ," ಅಂದರೆ, "ಬರೆದಿಟ್ರೆ ಯಾರಾದ್ರೂ ತಿದ್ದುತಾರೆ," ಎನ್ನುವರು. ಹೊಸ ಭಾಗದಲ್ಲಿ ಸತ್ತವರ ಮುಖ ಕೊರೆದ ಕಪ್ಪು ಕಲ್ಲುಗಳು. ಆ ಮುಖಗಳೂ ಏನೋ ಮುಚ್ಚಿಡುತ್ತಿವೆ ಎಂಬಂತೆ ಭಾವ ಅವನ್ನು ದಿಟ್ಟಿಸುವರು. ಬಂದವರು ಗೋರಿಯ ಮೇಲೆ ಒಂದು ಬೆಣಚುಕಲ್ಲು ಇಟ್ಟು ಹೋಗುವುದು ನಮ್ಮಲ್ಲಿ ವಾಡಿಕೆ. ಆ ಕಲ್ಲನ್ನು ಪಕ್ಕದವರ ಗೋರಿಯಿಂದ ಎತ್ತಿಕೊಂಡರೋ ಏನೋ ಎಂದು ಇವರು ಮರದ ಹಿಂದೆ ನಿಂತು ನೋಡುವರು.

ಅಕ್ಕ ತೀರಿಕೊಂಡದ್ದು ಮಾಘದ ಚಳಿಯಂಥ ಚಳಿಯಲ್ಲಿ. ಭಾವನಿಗೆ ಅಂದು ಕೆಂಡದಂಥ ಜ್ವರ. ಇಬ್ಬರು ತೋಳು ಹಿಡಿದು ಮಸಣಕ್ಕೆ ಕರೆದೊಯ್ದು, ಹಾಗೆಯೇ ವಾಪಸು ತಂದರು. ಎಲ್ಲಿ ಅಗೆದರು, ಎಲ್ಲಿ ಇಳಿಸಿದರು, ಏನೂ ಅವರ ಕಣ್ಣಿಗೆ ಬೀಳಲಿಲ್ಲ. ಹೂಳುವಾಗ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ, ಹಾಗಾಗಿ ನಾನೂ ನೋಡಲಿಲ್ಲ. ಆಮೇಲೆ ಏಳು ದಿನ ನೆಲದ ಮೇಲೆ ಕೂತು ಸೂತಕ. ಮೂರನೆಯ ದಿನ ದರ್ಜಿ ಮೊರ್ದುಖಾಯನ ಹೆಂಡತಿ ಜಿಲ್ಪೊ ಸತ್ತಳು. ಅವಳನ್ನೂ ಅಕ್ಕನ ಪಕ್ಕದಲ್ಲೇ ಹೂಳಿದರು.

ನಮ್ಮಲ್ಲಿ ಕಲ್ಲು ನಿಲ್ಲಿಸುವುದು ವರ್ಷ ತುಂಬಿದ ಮೇಲೆ. ಅಲ್ಲಿಯವರೆಗೆ ಮಣ್ಣಿನ ದಿಬ್ಬ, ಅದರ ತಲೆಗೆ ಹೆಸರು ಕೆತ್ತಿದ ಒಂದು ಕಬ್ಬಿಣದ ಗೂಟ. ಇನ್ನು ಸಾಲು ಯಾವಾಗಲೂ ಗೋಡೆಯಿಂದ ಶುರುವಾಗಿ ಹೊರಗೆ ಬರುತ್ತದೆ. ಮೊದಲು ಸತ್ತವರಿಗೆ ಗೋಡೆ ಬದಿ. ಎಂಟನೆಯ ದಿನ ಭಾವ ಹೋಗಿ ನೋಡಿದರೆ ಗೋಡೆ ಬದಿಯ ದಿಬ್ಬಕ್ಕೆ ಜಿಲ್ಪೊಳ ಗೂಟ, ಈಚೆಯದಕ್ಕೆ ಅಕ್ಕನದು. ಗೋಡೆ ಬದಿಗೆ ಹಿಪ್ಪುನೇರಳೆಯ ನೆರಳು ಬೇರೆ. ದರ್ಜಿಯ ಮನೆಯವರು ಆ ಜಾಗಕ್ಕೆ ಆಸೆಪಟ್ಟು ಗೂಟ ಬದಲಿಸಿದ್ದಾರೆ ಎಂದು ಭಾವ ತೀರ್ಮಾನಿಸಿದರು. ಒಬ್ಬರನ್ನಾದರೂ ಕೇಳಬೇಡವೇ? ಕೇಳಲಿಲ್ಲ. ಎರಡೂ ಗೂಟ ಕಿತ್ತು ಅದಲು ಬದಲು ಮಾಡಿ ಮನೆಗೆ ಬಂದರು. ಇದು ನನಗೆ ತಿಳಿದದ್ದು ಬಹಳ ತಡವಾಗಿ. ಅವತ್ತು ನನಗೆ ಹೇಳಿದ್ದು ಇಷ್ಟೇ: "ಮಲ್ಕೊ, ದರ್ಜಿ ಮನೆಯವರ ಜೊತೆ ಇನ್ಮೇಲೆ ಮಾತು ಬೇಡ."

"ಯಾಕೆ ಭಾವ?"

"ಮಾಡಿದೋರಿಗೆ ಗೊತ್ತು."

ದರ್ಜಿಯ ಸಂಸಾರ ಆ ಬೇಸಿಗೆಯಲ್ಲೇ ಇಸ್ರೇಲಿಗೆ ಹೋಯಿತು, ಅಂದು ಹೂಳಲು ಹೋಗಿದ್ದವರೂ ಒಬ್ಬೊಬ್ಬರಾಗಿ ಹೊರಟರು. ವರ್ಷ ತುಂಬಿತು, ಗೂಟ ನೋಡಿಕೊಂಡು ಕಲ್ಲು ನಿಲ್ಲಿಸಿದರು. ಆಮೇಲೆ ಹನ್ನೊಂದು ವರ್ಷ ಭಾವ ಪ್ರತಿ ಶುಕ್ರವಾರ ಗೋಡೆ ಬದಿಯ ಕಲ್ಲನ್ನು ತೊಳೆದರು, ಗುಲಾಬಿ ನೆಟ್ಟರು, ಪಕ್ಕ ಕೂತು ಊರ ಸುದ್ದಿಯೆಲ್ಲ ಹೇಳಿದರು. ಗುಡಿಸಿದ ತರಗೆಲೆ, ಒಣಮುಳ್ಳು, ಬಾಡಿದ ಹೂ ಎಲ್ಲ ಜಿಲ್ಪೊಳ ಗೋರಿಯ ಮೇಲೆ. ನಾನು ಒಂದೆರಡು ಸಲ ಬೈದೆ. ಆಮೇಲೆ ನನಗೂ ಅಭ್ಯಾಸವಾಗಿ, ಆ ಗೋರಿಗೆ ಬೆನ್ನು ಹಾಕಿಯೇ ಕೂರುತ್ತಿದ್ದೆ. ಅದನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಹೋದ ವಸಂತದಲ್ಲಿ ಜಿಲ್ಪೊಳ ಮಗ ರೊಶೆಲ್ ಬಂದ. ತಂದೆಯನ್ನು ಜೆರುಸಲೇಮಿನಲ್ಲಿ ಮಣ್ಣು ಮಾಡಿದ್ದಾರೆ, ತಾಯಿಯ ಮೂಳೆಗಳನ್ನೂ ಅಲ್ಲಿಗೇ ಒಯ್ಯಬೇಕು ಎಂದ. ಭಾವ ಅವನ ಅನುಮತಿ ಪತ್ರವನ್ನು ಬಿಸಿಲಿಗೆ ಹಿಡಿದು ಹಿಂದೆ ಮುಂದೆ ನೋಡಿದರು.

"ಹನ್ನೊಂದು ವರ್ಷ ಇಲ್ಲದ ತಾಯಿ ಈಗ ನೆನಪಾದ್ಲಾ? ನಿಜ ಹೇಳು, ಅದರೊಳಗೆ ಏನು ಹೂತಿಟ್ಟಿದೀಯ?"

"ಅಮ್ಮನ್ನ, ಹನನ್ ಮಾಮ."

ನನಗೆ ನಗು ಬಂತು. ಭಾವನಿಗೆ ಬರಲಿಲ್ಲ. ಅಗೆಯುವಾಗ ತಾನು ಗುಂಡಿಯ ತುದಿಯಲ್ಲೇ ನಿಲ್ಲುವೆ ಎಂದು ಹಟ ಹಿಡಿದರು.

ಗುದ್ದಲಿ ಹಿಡಿದವನು ಸತ್ತೋರ್ ಎಂಬ ಹೆಸರಿನ ಉಜ್ಬೆಕ್ ಆಳು. ಅಕ್ಕನನ್ನೂ ಜಿಲ್ಪೊಳನ್ನೂ ಹೂಳಲು ಗುಂಡಿ ತೋಡಿದವನು ಅವನೇ. ಆಮೇಲೆ ಕೂಲಿಗೆಂದು ರಷ್ಯಕ್ಕೆ ಹೋಗಿದ್ದವನು ವಾಪಸು ಬಂದು ತಿಂಗಳಾಗಿತ್ತಷ್ಟೇ. ಮೊದಲು ಎರಡು ಗಾಡಿಯಷ್ಟು ಕಸ ಎತ್ತಿ ಪಕ್ಕಕ್ಕೆ ಹಾಕಬೇಕಾಯಿತು. "ಇಷ್ಟು ಕಸ ಅಮ್ಮನ ಮೇಲೆ ಎಲ್ಲಿಂದ ಬಂತು?" ಎಂದು ರೊಶೆಲ್ ಕೇಳಿದ. ಭಾವ ಅವನ ಅನುಮತಿ ಪತ್ರವನ್ನು ಮತ್ತೊಮ್ಮೆ ಬಿಸಿಲಿಗೆ ಹಿಡಿದರು. ನಾನು ನಾಚಿಕೆಯಿಂದ ತಲೆವಸ್ತ್ರ ಸರಿಮಾಡಿಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಮೂಳೆ ಸಿಕ್ಕವು. ರೊಶೆಲ್ ಬಿಳಿ ಬಟ್ಟೆ ಹಾಸಿ ಮಂಡಿಯೂರಿ ಕೂತ. ಸತ್ತೋರ್ ಎತ್ತಿಕೊಟ್ಟ ತೊಡೆಯ ಮೂಳೆಗೆ ಒಂದು ಉಕ್ಕಿನ ಪಟ್ಟಿ, ನಾಲ್ಕು ತಿರುಪು.

"ಅಮ್ಮನಿಗೆ ಇದನ್ನ ಯಾವಾಗ ಹಾಕಿದ್ರು?" ಎಂದ ರೊಶೆಲ್.

 ಊರ ಸ್ನಾನದ ಮನೆ ಹಮಾಮಿನ ಮೆಟ್ಟಿಲಲ್ಲಿ ಜಾರಿ ತೊಡೆ ಮುರಿದುಕೊಂಡವಳು ನನ್ನ ಅಕ್ಕ. ಆ ಪಟ್ಟಿ ಹಾಕಿಸುವಾಗ ಅವಳ ಕೈ ಹಿಡಿದು ಕೂತವಳು ನಾನು. ಸುಮ್ಮನಿದ್ದರೆ ಅಕ್ಕ ದರ್ಜಿಯ ಹೆಂಡತಿಯಾಗಿ ಜೆರುಸಲೇಮಿಗೆ ಹೊರಟುಬಿಡುತ್ತಾಳೆ.

"ಅದು ಬುಲೋರ್!" ಭಾವ ಕಿರುಚಿದರು. "ಕಳ್ಳರು! ಮತ್ತೆ ಬದಲಿಸಿದಾರೆ!"

"ಯಾರು ಏನು ಬದಲಿಸಿದ್ರು ಅಣ್ಣ?" ಸತ್ತೋರ್ ಗುಂಡಿಯಿಂದ ತಲೆ ಎತ್ತಿದ. "ನಿಮ್ಮನೆಯವರನ್ನ ಈಚೆ ಬದೀಲೇ ಇಳಿಸಿದ್ದು. ಅವತ್ತು ಗೋಡೆ ಪಕ್ಕ ಉಪ್ಪುನೀರು ಉಕ್ಕಿತ್ತು, ಅಗೆಯೋಕಾಗ್ಲಿಲ್ಲ. ನೀರು ಇಳಿದ ಮೇಲೆ ಇವರ ತಾಯಿನ ಅಲ್ಲಿ ಇಟ್ವಿ. ಗೂಟದ ಮೇಲಿನ ನಿಮ್ಮ ಅಕ್ಷರ ನನಗೆಲ್ಲಿ ಓದೋಕೆ ಬರುತ್ತೆ? ನಿಮ್ಮೋರೇ ಓದಿ ಕೊಟ್ರು, ನಾನು ಹೊಡೆದೆ. ನೀವು ಒಂದು ಮಾತು ಕೇಳಿದ್ರೆ ಅವತ್ತೇ ಹೇಳ್ತಿದ್ದೆ."

ಭಾವ ಮಣ್ಣಿನ ಗುಡ್ಡೆಯ ಮೇಲೆ ಕೂತರು. "ಗೂಟ ಬದಲಿಸಿದ್ದು ನಾನು," ಅಂದರು. ಯಾರೂ ಕೇಳಿರಲಿಲ್ಲ, ತಾವಾಗಿಯೇ ಅಂದರು.

"ಹಾಗಾದ್ರೆ ನನ್ನಮ್ಮ?" ಎಂದ ರೊಶೆಲ್.

ನಾನು ಗೋಡೆ ಬದಿ ತೋರಿಸಿದೆ. ಅವನು ಹೋಗಿ ನೋಡಿದ. ಉಜ್ಜಿ ಉಜ್ಜಿ ಕನ್ನಡಿಯಂತಾದ ಕಲ್ಲು, ಗುಲಾಬಿ, ಸಾಲಾಗಿ ಇಟ್ಟ ಬೆಣಚುಕಲ್ಲು. ಬಂದು ಭಾವನ ಕೈ ಹಿಡಿದು ಕಣ್ಣಿಗೊತ್ತಿಕೊಂಡ.

"ಮಗ ಮಾಡಬೇಕಾದ್ದನ್ನ ನೀವು ಮಾಡಿದೀರಿ ಮಾಮ. ನನ್ನಮ್ಮನ್ನ ನೀವು ನೋಡಿಕೊಂಡಿದೀರಿ."

ಭಾವ ಕೈ ಕಿತ್ತುಕೊಂಡರು. ಆ ಕೈಯಿಂದಲೇ ಕಸದ ರಾಶಿಯನ್ನು ತೋರಿಸಿದರು.

"ಅದನ್ನ ಮಾಡಿದ್ದೂ ನಾನೇ," ಅಂದರು. "ನಿಮ್ಮಮ್ಮನ ಮೇಲೆ ಅಂತ ಸುರಿದೆ. ಹನ್ನೊಂದು ವರ್ಷ ನನ್ನ ಬುಲೋರ್ ಮೇಲೆ ಬಿತ್ತು."