ಅಂಗೈ ಮೇಲಿನ ಗೀರು

ವಲ್ಲಿಯ ಕೆಳಗೆ ಕೈ ಹಾಕಿ ದರ ಮಾತಾಡುವುದನ್ನು ನನಗೆ ಕಲಿಸಿದವನು ನನ್ನ ಸೋದರಮಾವ. ಆದವಾನಿಯ ಹತ್ತಿ ಪೇಟೆಯಲ್ಲಿ ಆಗ ಬಾಯಿಬಿಟ್ಟು ದರ ಹೇಳುವ ಪದ್ಧತಿಯೇ ಇರಲಿಲ್ಲ. ದಲಾಲಿಯೂ ಖರೀದಿದಾರನೂ ಕೈ ಕೈ ಹಿಡಿದು, ಮೇಲೆ ಹೆಗಲ ವಲ್ಲಿ ಹೊದಿಸಿ, ಬೆರಳು ಒತ್ತಿಯೇ ವ್ಯಾಪಾರ ಮುಗಿಸುತ್ತಿದ್ದರು. ಮಾಲು ಬೆಳೆದ ರೈತ ಪಕ್ಕದಲ್ಲಿ ಪಿಳಿಪಿಳಿ ಕಣ್ಣು ಬಿಡುತ್ತ ನಿಂತಿರಬೇಕು. ಆ ಬೆರಳ ಲೆಕ್ಕ ಪೇಟೆಗೆಲ್ಲ ಗೊತ್ತು. ಒಂದು ಸನ್ನೆ ಮಾತ್ರ ನಮ್ಮಿಬ್ಬರದು: ಹೆಬ್ಬೆರಳ ಉಗುರಿನಿಂದ ಅಂಗೈ ಗೀರಿದರೆ, ಮಾಲು ತೊಯ್ದಿದೆ ಎಂದು. ಮಾವ ಅದನ್ನು ತಾನೇ ಹುಟ್ಟಿಸಿ ನನಗೊಬ್ಬನಿಗೇ ಹೇಳಿಕೊಟ್ಟಿದ್ದ.

ಯುದ್ಧದ ಕಾಲದಲ್ಲಿ ನಾನು ಸ್ವಂತ ದಲಾಲಿ ಅಂಗಡಿ ಹಾಕಿದಾಗ ಮಾವನೇ ಹೊಸ ವಲ್ಲಿ ಹೊದಿಸಿ ಹರಸಿದ. ಸುಳ್ಳು ಹೇಳದೆ ಗಿರಾಕಿ ಹಿಡಿಯುತ್ತೇನೆ ಎಂದಿದ್ದಕ್ಕೆ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕ.

"ಇದ್ದದ್ದು ಇದ್ದಂಗ ಹೇಳಿದ್ರ ಎದ್ದು ಬಂದು ಎದಿಗೆ ಒದ್ರಂತ, ಅಳಿಯಾ!"

ನನ್ನ ಮೊದಲ ದೊಡ್ಡ ಗಿರಾಕಿ ಚಿಪ್ಪಗಿರಿ ಕಡೆಯ ಒಬ್ಬ ಮುದುಕ. ಅವನು ಮೆಚ್ಚಿದರೆ ಆ ಸೀಮೆಯ ಹಳ್ಳಿಗಳೆಲ್ಲ ಅವನ ಹಿಂದೆ ಬರುತ್ತಿದ್ದವು. ಇಲ್ಲವಾದರೆ ನನ್ನ ಅಂಗಡಿಗೆ ಬೀಗವೇ ಗತಿ. ಅವನ ಬಂಡಿಗಳು ದಾರಿಯಲ್ಲಿ ಮಳೆಗೆ ಸಿಕ್ಕಿದ್ದವು.

"ಯಜ್ಜಾ, ಹಸಿ ಮಾಲು ಮಾರಿದ್ರ ಇಬ್ಬರ ಹೆಸರೂ ಕೆಡ್ತೈತಿ. ಒಣಗಸೂಣು" ಎಂದೆ.

"ಯಾವ ದಲಾಲೀನೂ ಹಿಂಗ ಅಂದಿಲ್ಲಪಾ" ಎಂದು ಅವನು ಬಯಲಲ್ಲಿ ಹತ್ತಿ ಹರವಿದ. ನಾನೂ ಧೋತರ ಎತ್ತಿ ಕಟ್ಟಿ ಕೈಗೂಡಿಸಿದೆ. ಒಳ್ಳೆಯ ಬಿಸಿಲು ಬಿತ್ತು, ಹತ್ತಿ ಗರಿಗರಿಯಾಗಿ ಒಣಗಿತು.

ಆ ಸಂತೋಷ ತಡೆಯಲಾರದೆ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲ ಹೇಳಿದೆ. ಮತ್ಯಾರಿಗೆ ಹೇಳಲಿ? ನನ್ನನ್ನು ಸಾಕಿದವನೇ ಅವನು. "ಭಲೆ!" ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿಸಿದ.

ಮರುದಿನ ಹತ್ತಿ ಜಿನ್ನಿನ ಗಿರಣಿಯ ಸಾಹುಕಾರ ಬಂದು ನನ್ನ ವಲ್ಲಿಯ ಕೆಳಗೆ ಕೈ ಇಟ್ಟ. ದರ ಒತ್ತುವ ಮೊದಲು ಉಗುರಿನಿಂದ ನನ್ನ ಅಂಗೈ ಗೀರಿದ.

ಉಂಡ ಮನೆಯ ಜಂತೆ ಎಣಿಸಬಾರದು ಎನ್ನುತ್ತಾರೆ. ಇಲ್ಲಿ ಉಣಿಸಿದವನೇ ನನ್ನ ಮನೆಯ ಜಂತೆ ಕಿತ್ತಿದ್ದ. "ಒಣಗೇತ್ರಿ, ಕೈ ಹಾಕಿ ನೋಡ್ರಿ" ಎಂದು ಬಾಯಿಬಿಟ್ಟೇ ಕೂಗಿದೆ. ಸಾಹುಕಾರ ಕೈ ಒರೆಸಿಕೊಂಡು ಎದ್ದ.

"ಯಾಕ ಎದ್ದ?" ಮುದುಕ ಕೇಳಿದ.

"ಮಾಲು ತೊಯ್ದಿತ್ತಂತ ನಮ್ಮ ಮಾವ ಹೇಳ್ಯಾನ."

"ನಿಮ್ಮ ಮಾವಗ ಹೇಳಿದೋರು ಯಾರು?"

"ನಾನ, ಯಜ್ಜಾ."

ಮುದುಕ ಬಂಡಿಗಳನ್ನು ತಿರುಗಿಸಿದ. ಎದುರಿಗಿದ್ದ ತನ್ನ ದಲಾಲಿ ಅಂಗಡಿಯ ಕಟ್ಟೆಯ ಮೇಲೆ ಮಾವ ಎದ್ದು ನಿಂತು, "ಬಾರಪಾ, ಹುಡುಗಗ ಏನ್ ತಿಳೀತೈತಿ, ನಾ ಮಾರಿಸಿಕೊಡ್ತೀನಿ" ಎಂದು ಕರೆದ. ಅದೇ ಹತ್ತಿ, ಅದೇ ಸಾಹುಕಾರ. ಸಂಜೆಯೊಳಗೆ ಒಳ್ಳೆಯ ದರಕ್ಕೇ ಹೋಯಿತು.

ಮಾವನೆದುರು ಹೋಗಿ ನಿಂತೆ. "ಯಾಕ ಮಾವಾ?" ಎಂದೆ.

"ಎಲ್ಲಾ ಕಲಿಸಿದ್ದೆ. ಇದೊಂದು ಉಳಿದಿತ್ತು" ಎಂದ.

ಅವನು ಹೊದಿಸಿದ ವಲ್ಲಿಯನ್ನು ಅವನ ಕಟ್ಟೆಯ ಮೇಲೆಯೇ ಇಟ್ಟು ಬಂದೆ. ಅಂದಿನಿಂದ ದರವನ್ನು ರೈತನಿಗೆ ಕೇಳುವಂತೆ ಕೂಗಿಯೇ ಹೇಳಿದೆ. ಪೇಟೆಯವರು ಹುಚ್ಚನೆಂದರು. ನಿಧಾನವಾಗಿ ಆಲೂರಿನಿಂದ, ಪತ್ತಿಕೊಂಡದಿಂದ ಗಿರಾಕಿಗಳು ಬಂದರು. ಚಿಪ್ಪಗಿರಿಯ ಮುದುಕ ಮಾತ್ರ ಪ್ರತಿ ಸುಗ್ಗಿಗೂ ನನ್ನ ಅಂಗಡಿ ದಾಟಿ ಮಾವನ ಅಂಗಡಿಗೇ ಬಂಡಿ ಹೊಡೆದುಕೊಂಡು ಹೋದ.