ಒರೆಸದ ಚೆಂಡು

ಕ್ಲೀಟಸ್ ಥೀಲೆನ್ ಭಾನುವಾರ ಸಂಜೆ ಆಟದ ಮೈದಾನದಲ್ಲೇ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ನಿಲ್ಲುತ್ತದೆ ಎಂದು ಅವರು ಹಿಮ ಕರಗಿದಾಗಿನಿಂದ ಹೇಳುತ್ತಲೇ ಇದ್ದರು. ಕೇಳಬೇಕಾದವನೊಬ್ಬನನ್ನು ಬಿಟ್ಟು ಸೇಂಟ್ ಓಥ್ಮಾರ್ ಊರೆಲ್ಲ ಕೇಳಿಸಿಕೊಂಡಿತ್ತು.

ಮಣ್ಣು ಮಾಡಿ ಬಂದವರು ಚರ್ಚಿನ ನೆಲಮಾಳಿಗೆಯಲ್ಲಿ ಹಂದಿಮಾಂಸದ ಬನ್ನು ತಿನ್ನುತ್ತಿದ್ದರೆ ನಾರ್ಬರ್ಟ್ ಶೀಲರ್ ತಟ್ಟೆ ಮುಟ್ಟದೆ ಕೂತಿದ್ದ. ಊರಿನ ಬೇಸ್‌ಬಾಲ್ ತಂಡಕ್ಕೆ ಅವನೇ ಮ್ಯಾನೇಜರು. ಕ್ಲೀಟಸ್ ಅವನ ಚಡ್ಡಿದೋಸ್ತ. ಅಳು ಬರಬೇಕಾದಲ್ಲಿ ಸಿಟ್ಟು ಬರುತ್ತಿತ್ತು.

ವಾರವೆಲ್ಲ ಡೈರಿಯ ಹಾಲಿನ ಲಾರಿ ಓಡಿಸುತ್ತಿದ್ದ ಕ್ಲೀಟಸ್, ಭಾನುವಾರ ಪೂಜೆ ಮುಗಿದ ಮೇಲೆ ಮೊದಲ ಬೇಸಿನಲ್ಲಿ ನಿಲ್ಲುತ್ತಿದ್ದ. ಚೆಂಡು ಹೊಡೆದವನು ಓಡಿಬಂದು ಬೇಸು ಮುಟ್ಟುವ ಮೊದಲೇ, ಜೊತೆಗಾರರು ಎಸೆದ ಚೆಂಡನ್ನು ಅಲ್ಲಿ ಹಿಡಿದು ಅವನನ್ನು ಔಟ್ ಮಾಡಬೇಕು. "ಅಲ್ಲಿಗೆ ಒಂದು ಗೂಟ ನೆಟ್ರೂ ಸಾಕು" ಎಂದು ಬಿಯರ್ ಕುಡಿಯುತ್ತ ಜನ ನಗುತ್ತಿದ್ದರು. ಬ್ಯಾಟಿನಲ್ಲಿ ಅವನದು ದೊಡ್ಡ ಹೊಡೆತವಲ್ಲ. ವರ್ಷದ ಉತ್ತಮ ಆಟಗಾರರಲ್ಲಿ ಅವನ ಹೆಸರು ಒಮ್ಮೆಯೂ ಬರಲಿಲ್ಲ.

ಈ ವರ್ಷ ಹೆಸರು ಬಂದದ್ದು ಡ್ಯಾರಿನ್ ಲೌವರ್‌ನದು. ಎರಡನೇ, ಮೂರನೇ ಬೇಸುಗಳ ನಡುವೆ ನಿಲ್ಲುವ ಹೊಸಬ. ಮುಂಗುಸಿಯಂತೆ ನುಗ್ಗಿ ಎಂಥ ಚೆಂಡನ್ನೂ ತಡೆಯುತ್ತಿದ್ದ, ಬಿದ್ದುಕೊಂಡೇ ಎಸೆಯುತ್ತಿದ್ದ. ಆದರೆ ಎಸೆತ ಕೊನೇ ಗೇಣಿನಲ್ಲಿ ನೆಲಕ್ಕೆ ಬಡಿಯುತ್ತಿತ್ತು. ಕ್ಲೀಟಸ್ ಕಾಲು ಸೀಳಿ ಬಾಗಿ, ಮಣ್ಣಿನೊಳಗಿಂದ ಅದನ್ನು ಕೈಗವಸಿಗೆ ಎತ್ತಿಕೊಳ್ಳುತ್ತಿದ್ದ. ಡ್ಯಾರಿನ್ ಎದ್ದು ನೋಡುವಷ್ಟರಲ್ಲಿ ಚೆಂಡನ್ನು ತೊಡೆಗೆ ಉಜ್ಜಿ ಬೆಳ್ಳಗೆ ಮಾಡಿ, "ಭೇಷ್, ಮೊಣಕಾಲ ಹತ್ರಾನೇ ಬಂತು" ಎನ್ನುತ್ತಿದ್ದ. ಊರು ಡ್ಯಾರಿನ್‌ಗೆ ಚಪ್ಪಾಳೆ ತಟ್ಟುತ್ತಿತ್ತು. ಮನೆಯಲ್ಲಿ ಕ್ಲೀಟಸ್‌ನ ಹೆಂಡತಿ ರೊಸೆಲ್ಲಾ ಗಂಡನ ಷರಾಯಿಯ ಬಲತೊಡೆಯ ಕಲೆ ತಿಕ್ಕಿ ತಿಕ್ಕಿ ಸೋತಿದ್ದಳು.

"ಲೋ, ಎಸೆತ ನೆಲಕ್ಕೆ ಬೀಳ್ತಿದೆ ಅಂತ ಅವನಿಗೆ ಹೇಳೋ" ಎಂದು ನಾರ್ಬರ್ಟ್ ಗೋಗರೆದಿದ್ದ.

"ಹೇಳಿದ್ರೆ ಕೈ ಹೆದರುತ್ತೆ ಕಣೋ. ನಿನ್ನ ತಮ್ಮನಿಗೆ ಏನಾಯ್ತು, ಮರೆತ್ಯಾ? ಒಂದು ಸಲ ಬೈಸ್ಕೊಂಡ, ಆಮೇಲೆ ಎದುರುಗಡೆ ಇರೋನಿಗೂ ಎಸೆಯೋಕಾಗಲಿಲ್ಲ."

"ಹೇಳದಿದ್ರೆ ಅವನು ಕಲಿಯೋದು ಯಾವಾಗ? ನೀನು ಆಟ ಬಿಡೋದು ಯಾವಾಗ?"

"ಮುಂದಿನ ವಾರ."

"ಹೋದ ವಾರಾನೂ ಇದನ್ನೇ ಬೊಗಳಿದ್ದೆ, ಕತ್ತೆ!"

"ಹಾಗಾದ್ರೆ ಮಾತು ಬದಲಾಯಿಸಿಲ್ಲ ನೋಡು."

ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಯಾದರೂ ಅಲ್ಲಾಡೀತು. ಕೊನೆಗೆ ರೊಸೆಲ್ಲಾ ನಾರ್ಬರ್ಟ್‌ನ ಮನೆಗೇ ಬಂದಳು. "ನೀನೇನು ಮ್ಯಾನೇಜರೋ, ಬೆಂಚಿನ ಮೇಲಿಟ್ಟ ಉಪ್ಪಿನಕಾಯಿ ಜಾಡಿಯೋ? ಅವನನ್ನ ಕೂರಿಸು ನಾರ್ಬ್. ನನ್ನ ಮಾತಂತೂ ಕೇಳಲ್ಲ."

ಆ ಭಾನುವಾರ ನಾರ್ಬರ್ಟ್ ಅವನನ್ನು ಬೆಂಚಿನಲ್ಲಿ ಕೂರಿಸಿದ. ಮೊದಲ ಬೇಸಿಗೆ ಒಬ್ಬ ಗಟ್ಟಿಮುಟ್ಟಾದ ವೆಲ್ಡರನನ್ನು ನಿಲ್ಲಿಸಿದ. ಡ್ಯಾರಿನ್‌ನ ಎಸೆತ ವೆಲ್ಡರನ ಕಾಲ ಸಂದಿಯಲ್ಲಿ ನುಸುಳಿ ಬೇಲಿ ಸೇರಿತು. ಸ್ವಲ್ಪ ಹೊತ್ತಿಗೆ ಇನ್ನೊಂದು. "ಇವನಾ ವರ್ಷದ ಉತ್ತಮ ಆಟಗಾರ? ನಮ್ಮಜ್ಜಿ ವಾಸಿ!" ಎಂದು ಎದುರಾಳಿ ಊರಿನವರು ಕೂಗಿದರು. ಡ್ಯಾರಿನ್ ತನ್ನ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡ.

ಕೊನೇ ಸರದಿಯಲ್ಲಿ ಓಥ್ಮಾರ್ ಒಂದೇ ಓಟದಿಂದ ಮುಂದಿತ್ತು. ಇನ್ನೊಬ್ಬ ಔಟಾದರೆ ಗೆಲುವು. ಕ್ಲೀಟಸ್ ಕೈಗವಸು ತೊಟ್ಟು ಬೆಂಚಿನಿಂದ ಎದ್ದ.

"ಕೂತ್ಕೊಳೋ!"

"ಡ್ಯಾರಿನ್ ಮುಖ ನೋಡು, ನಾರ್ಬ್."

"ನಿನ್ನ ಮುಖ ಕನ್ನಡೀಲಿ ನೋಡ್ಕೊ ಹೋಗು! ಲೋ! ಕ್ಲೀಟಸ್!"

ಅವನು ಆಗಲೇ ಅಂಪೈರಿಗೆ ತನ್ನ ಹೆಸರು ಹೇಳಿ, ವೆಲ್ಡರನ ಬೆನ್ನು ತಟ್ಟಿ ಹೊರಗೆ ಕಳಿಸುತ್ತಿದ್ದ.

ಚೆಂಡು ಡ್ಯಾರಿನ್‌ನ ಕಡೆಗೇ ಹೋಯಿತು. ಅವನು ಎತ್ತಿಕೊಂಡ, ಒಂದು ಕ್ಷಣ ಅಳುಕಿದ, ಎಸೆದ. ಎಸೆತ ಎಂದಿಗಿಂತ ಮೊದಲೇ ನೆಲಕ್ಕೆ ಬಿತ್ತು. ಕ್ಲೀಟಸ್ ಉದ್ದಕ್ಕೆ ಚಾಚಿ ಧೂಳಿನೊಳಗೆ ಮರೆಯಾದ. ಧೂಳು ಇಳಿದಾಗ ಕೈಗವಸಿನ ತುದಿಯಲ್ಲಿ ಚೆಂಡಿತ್ತು. ಔಟ್. ಇಡೀ ತಂಡ ಡ್ಯಾರಿನ್‌ನ ಮೇಲೆ ಬಿದ್ದು ಕುಣಿಯಿತು.

ಕ್ಲೀಟಸ್ ಮಾತ್ರ ಬೇಸಿನ ಮೇಲೆ ಕೂತೇ ಇದ್ದ. "ನಾಟಕ ಸಾಕು, ಏಳೋ" ಎಂದು ಬೈಯುತ್ತ ನಾರ್ಬರ್ಟ್ ಓಡಿದ. ಹತ್ತಿರ ಬಂದಾಗ ಕಂಡದ್ದು ಬೂದಿಬಣ್ಣದ ಮುಖ. ಡ್ಯಾರಿನ್ ಕುಣಿಯುವವರನ್ನು ಬಿಡಿಸಿಕೊಂಡು ಬಂದು, ಎಬ್ಬಿಸಲು ಕೈ ಚಾಚಿದ.

ಕ್ಲೀಟಸ್‌ನ ಕೈ ಅಭ್ಯಾಸದಂತೆ ತೊಡೆಯ ಕಡೆಗೆ ಹೋಯಿತು. ಅರ್ಧದಲ್ಲಿ ನಿಂತಿತು.

"ಇದು ನೆಲಕ್ಕೆ ಬಿದ್ದಿತ್ತು ಕಣೋ. ಎಲ್ಲಾನೂ ಬೀಳ್ತಿದ್ವು. ಮುಂದಿನ ವಾರದಿಂದ ಒಂಚೂರು ಮೇಲಕ್ಕೆ ಎಸಿ."

ಎಂದವನು ಮಣ್ಣು ಮೆತ್ತಿದ ಬದಿ ಮೇಲೆ ಬರುವಂತೆ ತಿರುಗಿಸಿ, ಚೆಂಡನ್ನು ಅವನ ಅಂಗೈಯಲ್ಲಿಟ್ಟ.