ಒಂಬತ್ತು ದಿನದ ಖಾಲಿ ಜಾಗ

ಬೆಳಗಿನ ಐದೂಕಾಲು. ಒಡಿಯಾ ಕರಾವಳಿಯ ಬಡಕೂಲದ ಅಳಿವೆಗೆ ಇನ್ನೂ ಬಣ್ಣ ಬಂದಿಲ್ಲ. ನೀರು, ಕೆಸರು, ಆಕಾಶ ಎಲ್ಲವೂ ಒಂದೇ ಬೂದಿ. ಇತಿಶ್ರೀ ಮಲಿಕ್ ಸಲ್ವಾರನ್ನು ಮೊಣಕಾಲಿನವರೆಗೆ ಮಡಚಿ ಕೆಸರಿಗಿಳಿಯುತ್ತಾರೆ. ನೀರಿನಲ್ಲಿ ನೆಟ್ಟ ಅಳತೆಗೋಲಿನ ಮುಂದೆ ಬಾಗಿ ನೋಡಿ, "ಒಂದು ಮೀಟರ್ ನಲವತ್ತೆರಡು" ಎಂದು ಗಟ್ಟಿಯಾಗಿ ಕೂಗುತ್ತಾರೆ. ದಡದಲ್ಲಿ ಅವರ ಕಥೆ ಕೇಳಲು ಬಂದ ನನ್ನನ್ನು ಬಿಟ್ಟು ಯಾರೂ ಇಲ್ಲ. ಯಾರೋ ಬರೆದುಕೊಳ್ಳಲಿ ಎನ್ನುವಂತೆ ಕ್ಷಣ ಕಾಯುತ್ತಾರೆ. ಆಮೇಲೆ ತಾವೇ ಮೇಲೆ ಬಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ.

"ಯಾರಿಗೆ ಕೂಗಿದಿರಿ?"

"ಅಭ್ಯಾಸ. ಮೌಸಾಗೆ ಕಿವಿ ಮಂದ" ಎನ್ನುತ್ತಾರೆ. ಮೌಸಾ ತೀರಿಕೊಂಡು ಎರಡು ವರ್ಷ ದಾಟಿದೆ.

ಇತಿಶ್ರೀಗೆ ಮೂವತ್ತಾರು. ವೀಳ್ಯದೆಲೆ ತೋಟದವರ ಮಗಳು. ನಲವತ್ತು ಕಿಲೋಮೀಟರ್ ಆಚೆಯ ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಅಳಿವೆಯೊಳಗೆ ಸಮುದ್ರದ ನೀರು ವರ್ಷ ವರ್ಷ ಎಷ್ಟು ಮೇಲೇರುತ್ತಿದೆ ಎಂಬುದು ಅವರ ಪಿಎಚ್‌.ಡಿ. ವಿಷಯ. ಮಹಾಪ್ರಬಂಧ ಒಪ್ಪಿಸುವ ಮೊದಲು ಎರಡು ಸಂಶೋಧನಾ ಲೇಖನಗಳು ಪ್ರಕಟವಾಗಿರಬೇಕು ಎಂಬುದು ಅವರ ವಿಶ್ವವಿದ್ಯಾಲಯದ ನಿಯಮ. ಮೊದಲನೆಯದು ಸಲೀಸಾಗಿ ಬಂತು. ಎರಡನೆಯದು ಅವರ ನಿದ್ದೆ ತಿಂದಿತು. "ಮದುವೆಮನೆಗೆ ಹೋದ್ರೆ ಅತ್ತೆಯರೆಲ್ಲ ಸುತ್ತ ಕೂರ್ತಾರೆ. ಕೂದಲು ನೆರೀತು, ಇನ್ನೂ ಪರೀಕ್ಷೆ ಮುಗೀಲಿಲ್ವೇನೇ, ಎಷ್ಟು ಸಲ ಫೇಲಾದೆ ಅಂತಾರೆ" ಎಂದು ನಗುತ್ತಾರೆ.

ದಿನಾ ಎರಡು ಹೊತ್ತು ಕೋಲು ನೋಡಲು ಆಗ ಅವರಿಗೆ ಸಾಧ್ಯವಿರಲಿಲ್ಲ. ವಾಸವೆಲ್ಲ ಕಾಲೇಜಿನ ಊರಿನಲ್ಲಿ. ಬರುತ್ತಿದ್ದದ್ದು ಭಾನುವಾರ ಮಾತ್ರ. ಉಳಿದ ದಿನ ನೋಡಿ ಬರೆಯುತ್ತಿದ್ದವರು ಬಡಕೂಲದ ಮೀನುಗಾರ ಹಾಡಿಬಂಧು ತರಾಯಿ. ನಾಲ್ಕನೆಯ ತರಗತಿವರೆಗೆ ಓದಿದ್ದ ಮುದುಕ; ಇತಿಶ್ರೀ ಬಾಯಲ್ಲಿ ಮೌಸಾ, ಅಂದರೆ ಚಿಕ್ಕಪ್ಪ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಒಡಿಯಾ ಅಂಕಿಗಳಲ್ಲಿ ಬರೆಯುವುದು, ಪಕ್ಕದಲ್ಲಿ ಆ ದಿನದ ಹವೆಯ ಬಗ್ಗೆ ಒಂದೇ ಒಂದು ಪದ: ಗಾಳಿ, ಮಳೆ, ಬಿಸಿಲು. ಬರೆದು ನೋಟ್‌ಬುಕ್ಕನ್ನು ದಡದ ಗುಡಿಸಲಿನ ಡಬ್ಬಿಯಲ್ಲಿ ಇಡುವುದು. ಎರಡು ವರ್ಷ ಏಳು ತಿಂಗಳಲ್ಲಿ ಒಂದು ಹೊತ್ತೂ ತಪ್ಪಿಸಲಿಲ್ಲ. ಐದನ್ನು ಬರೆದಾಗ ಅದರ ಬಾಲವನ್ನು ಕೆಳಗಿನ ಸಾಲಿನವರೆಗೂ ಎಳೆಯುತ್ತಿದ್ದರು. ಅವರ ಲೆಕ್ಕ ಬಂದರಿನ ಯಂತ್ರದ ಲೆಕ್ಕಕ್ಕಿಂತ ಯಾವಾಗಲೂ ಎರಡು ಸೆಂಟಿಮೀಟರ್ ಹೆಚ್ಚಿರುತ್ತಿತ್ತು. ಏಕೆಂದು ಇತಿಶ್ರೀಗೆ ಕೊನೆಗೂ ಗೊತ್ತಾಗಲಿಲ್ಲ.

ಎರಡು ವರ್ಷದ ಹಿಂದಿನ ಅಕ್ಟೋಬರ್ ಏಳರಂದು ಸಂಜೆಯ ಅಳತೆ ಬರೆದಿಟ್ಟು, ಚಂಡಮಾರುತಕ್ಕೆ ಮುಂಚೆ ಬಲೆ ತರಲು ಹೋದ ಹಾಡಿಬಂಧು ದೋಣಿ ಮಗುಚಿ ಮುಳುಗಿದರು. ಎಂಟರ ಬೆಳಿಗ್ಗೆ ಶವ ಸಿಕ್ಕಿತು. ಎತ್ತರದ ದಿಬ್ಬದ ಮೇಲೆ ಸುಟ್ಟರು. ಅಷ್ಟರಲ್ಲಿ ಊರಿಗೆ ಊರೇ ಚಂಡಮಾರುತದ ಆಶ್ರಯ ಕಟ್ಟಡ ಸೇರಿತ್ತು. ಗುಡಿಸಲಿಗೆ ಹೋಗುವ ದಾರಿಯಲ್ಲಿ ಆಳೆತ್ತರದ ನೀರು. ಬಸ್ಸಿಲ್ಲದೆ ಇತಿಶ್ರೀ ಸಾವಿನ ಸುದ್ದಿಯನ್ನು ಫೋನಿನಲ್ಲೇ ಕೇಳಿದರು. ಹದಿನೇಳರಂದು ನೀರಿಳಿದ ಮೇಲೆ ಬಂದು, ಒಬ್ಬರೇ ಗುಡಿಸಲಿಗೆ ನಡೆದು ಡಬ್ಬಿ ತೆರೆದರು.

"ಏಳರವರೆಗೆ ಇರುತ್ತೆ ಅಂದ್ಕೊಂಡು ಹಾಳೆ ತಿರುವಿದೆ. ಎಂಟು ಇತ್ತು. ಒಂಬತ್ತು ಇತ್ತು. ಹದಿನಾರರ ಸಂಜೆವರೆಗೂ ಇತ್ತು. ಮೌಸಾನದೇ ಅಕ್ಷರ. ಐದರ ಬಾಲ ಹಾಗೇ ಕೆಳಗೆ. ಪಕ್ಕದಲ್ಲಿ ಒಂಬತ್ತೂ ದಿನ ಒಂದೇ ಪದ: ಚಳಿ."

ಆ ದಿನಗಳಲ್ಲಿ ಆಶ್ರಯ ಕಟ್ಟಡದೊಳಗೆ ಜನ ಬೆವರಿನಲ್ಲಿ ತೊಯ್ದುಹೋಗಿದ್ದರು.

ನೋಟ್‌ಬುಕ್ ಹಿಡಿದು ಅವರು ಮೊದಲು ಹೋದದ್ದು ಹಾಡಿಬಂಧುವಿನ ಹೆಂಡತಿ ಗೆಲ್ಹಿಯ ಬಳಿಗೆ. ಆಕೆ ಹಾಳೆಯನ್ನು ಮುಟ್ಟಲಿಲ್ಲ. "ಇದನ್ಯಾಕೆ ನನಗೆ ತೋರಿಸ್ತೀಯೆ ಮಾ? ಈ ಮನೇಲಿ ಬರೆಯೋಕೆ ಬರ್ತಿದ್ದದ್ದು ಅವನೊಬ್ಬನಿಗೇ" ಎಂದಳು. ಆಮೇಲೆ ಬಯ್ಯತೊಡಗಿದಳು: "ಬದುಕಿದ್ದಾಗ್ಲೂ ಅಷ್ಟೇ, ಮುದುಕ. ದೋಣಿ ಇಳಿದ್ರೆ ಮೊದಲು ಕೋಲು, ಆಮೇಲೆ ಮನೆ. ಹತ್ತು ದಿನ ನೀರಲ್ಲಿ ನೆನೆಸಿದ ಪಖಾಳದ ಅನ್ನ ಹೊರಗಿಟ್ಟೆ, ಒಂದು ಕಾಗೆ ಕೂಡ ಬಾಯಿಡಲಿಲ್ಲ. ಎಲ್ಲಿ ಬರ್ತಾನೆ? ಅವನಿಗೆ ನಿನ್ನ ಕೆಲಸ ಇತ್ತಲ್ಲ!"

ಇತಿಶ್ರೀ ಊರೆಲ್ಲ ವಿಚಾರಿಸಿದರು. ಆ ಒಂಬತ್ತು ದಿನ ಅತ್ತ ಹೋದವರು ಒಬ್ಬರೂ ಇರಲಿಲ್ಲ. ಬಂದರಿನ ಲೆಕ್ಕ ತರಿಸಿ ಹೋಲಿಸಿದರು. ಹದಿನೆಂಟು ಅಂಕಿಗಳೂ ಅದಕ್ಕಿಂತ ಎರಡೇ ಎರಡು ಸೆಂಟಿಮೀಟರ್ ಹೆಚ್ಚು.

ಬಂದರಿನ ಯಂತ್ರ ಇರುವುದು ಹೊರಗೆ, ಸಮುದ್ರದ ಬದಿಯಲ್ಲಿ; ಅಳಿವೆಯೊಳಗೆ ಚಂಡಮಾರುತದ ನೀರು ಹೇಗೆ ಏರಿತು, ಹೇಗೆ ಇಳಿಯಿತು ಎಂಬುದಕ್ಕೆ ಬೇರೆ ದಾಖಲೆಯೇ ಇರಲಿಲ್ಲ. ಗೈಡ್ ನಿತ್ಯಾನಂದ ಸಾರ್ ಮೊದಲು ಹೇಳಿದ್ದೂ ಅದನ್ನೇ.

"ಅಂಕಿ ಸರಿಯಿದೆ ತಾನೇ? ಹಾಕು. ನಿನ್ನ ಪೇಪರಿನ ಜೀವ ಇರೋದೇ ಆ ಒಂಬತ್ತು ದಿನದಲ್ಲಿ. ಯಾರು ಕೇಳ್ತಾರೆ?"

"ಅಳತೆ ನೋಡಿದವರ ಹೆಸರು ಅಂತ ಒಂದು ಕಲಂ ಇದೆಯಲ್ಲ ಸಾರ್. ಅಲ್ಲಿ ಏನು ಬರೀಲಿ?"

ನಿತ್ಯಾನಂದ ಸಾರ್ ನೋಟ್‌ಬುಕ್ಕನ್ನು ಒಂದೇ ಬೆರಳಿನಿಂದ ಇವರ ಕಡೆಗೆ ಸರಿಸಿ, ಎದ್ದು ಹೋಗಿ ಕಿಟಕಿ ಮುಚ್ಚಿದರು. ಮತ್ತೆಂದೂ ಆ ಮಾತು ಎತ್ತಲಿಲ್ಲ.

ಲೇಖನ ಹೋದದ್ದು ಒಂಬತ್ತು ದಿನ ಖಾಲಿ ಬಿಟ್ಟೇ. ಏಳಕ್ಕೆ ಗೆರೆ ನಿಲ್ಲುತ್ತದೆ, ಹದಿನೇಳಕ್ಕೆ ಮತ್ತೆ ಶುರು. ಒಂದು ಪತ್ರಿಕೆ ಈ ಖಾಲಿ ಜಾಗವನ್ನೇ ದೂರಿ ವಾಪಸು ಕಳಿಸಿತು. ಇನ್ನೊಂದರ ಪರಿಶೀಲಕರು, ಎರಡು ತುದಿ ಸೇರಿಸಿ ಅಂದಾಜಿನ ಗೆರೆ ಎಳೆದುಬಿಡಿ ಎಂದರು. ಇವರು ಎಳೆಯಲಿಲ್ಲ, ಅವರೂ ತಿರಸ್ಕರಿಸಿದರು. ಮೂರನೆಯ ಪತ್ರಿಕೆ ಹನ್ನೊಂದು ತಿಂಗಳು ಕಾಯಿಸಿ ಒಪ್ಪಿಕೊಂಡಾಗ ಪಿಎಚ್‌.ಡಿ. ನೋಂದಣಿಯ ಅವಧಿ ಮುಗಿಯಲು ಹತ್ತೊಂಬತ್ತು ದಿನ ಉಳಿದಿತ್ತು. ಲೇಖಕರ ಸಾಲಿನಲ್ಲಿ ಎರಡನೆಯ ಹೆಸರು ಹಾಡಿಬಂಧು ತರಾಯಿ. ಹೆಸರಿನ ಮುಂದೆ ಪುಟ್ಟ ಗುರುತು, ಕೆಳಗೆ ಒಂದು ಸಾಲು: ಅಕ್ಟೋಬರ್ ಏಳರಂದು ನಿಧನ.

ಈಗ ಇತಿಶ್ರೀ ಬಡಕೂಲದಲ್ಲೇ ಕೋಣೆ ಹಿಡಿದಿದ್ದಾರೆ. ಬೆಳಿಗ್ಗೆ ಕೋಲು, ಏಳರ ಬಸ್ಸು, ನಾಲ್ಕು ತರಗತಿ, ಮತ್ತೆ ಸಂಜೆಯ ಕೋಲು. ನೋಟ್‌ಬುಕ್ಕನ್ನು ಗುಡಿಸಲಿನಲ್ಲಿ ಬಿಡುವುದೇ ಇಲ್ಲ. ಚೀಲದಲ್ಲಿಟ್ಟು ಜೊತೆಗೇ ಒಯ್ಯುತ್ತಾರೆ.

"ಭಯವಾ?" ಎಂದೆ.

"ಒಂದು ಸಲ ಜ್ವರ ಬಂದು ಮಲಗಿದ್ದೆ. ಡಬ್ಬೀಲಿ ಇಟ್ಟು ಬಂದಿದ್ರೆ ಇವತ್ತಿನದು ತುಂಬಿರ್ತಿತ್ತಲ್ಲ ಅಂತ ಅನ್ನಿಸ್ತು. ಆ ಆಸೆ ಬಂತಲ್ಲ, ಅದಕ್ಕೇ ಹೆದರಿದೆ. ಪಾಪ, ಚಳೀಲಿ ನಿಲ್ಲಬೇಕು ಅವರು" ಎನ್ನುತ್ತಾರೆ.

ಬೆಳಕು ಹರಿದಿದೆ. ಕಾಲಿನ ಕೆಸರು ತೊಳೆದುಕೊಳ್ಳುತ್ತಾ ಅವರು ಮುಂದಿನ ತಿಂಗಳ ಮೌಖಿಕ ಪರೀಕ್ಷೆಯ ಬಗ್ಗೆ ಹೇಳುತ್ತಾರೆ. ಹೊರಗಿನಿಂದ ಇಬ್ಬರು ಪರೀಕ್ಷಕರು ಬರುತ್ತಾರಂತೆ. ಖಾಲಿ ಜಾಗದ ಬಗ್ಗೆ ಖಂಡಿತ ಕೇಳುತ್ತಾರಂತೆ.

"ಏನು ಹೇಳ್ತೀರಿ?"

ಇತಿಶ್ರೀ ಚಪ್ಪಲಿ ಮೆಟ್ಟಿ, ಚೀಲವನ್ನು ಹೆಗಲಿಗೇರಿಸುತ್ತಾರೆ.

"ಆ ಒಂಬತ್ತು ದಿನ ಕೋಲು ನೋಡಿದ್ದು ನಾನಲ್ಲ ಅಂತೀನಿ. ನನಗೆ ಗೊತ್ತಿರೋದು ಅಷ್ಟೇ. ಅಷ್ಟಕ್ಕೆ ಡಾಕ್ಟರೇಟ್ ಕೊಟ್ರೆ ಕೊಡ್ಲಿ."